ಚಿಗವ್ವನ ಬ್ಯಾಟರಿ ತನಿಖೆ

ನಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ, ಯಾರನ್ನೂ ನಂಬುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹೇಮಗುಡ್ಡದ ದುರ್ಗವ್ವನಿಗೆ ಕಾಯಿ ಒಡೆಸಿದರೆ, ಪೂಜಾರಿ ವಾಪಸ್ ಕೊಟ್ಟ ಹೋಳು ತನ್ನ ಕಾಯಿಯದೇ ಹೌದೋ ಅಲ್ಲವೋ ಎಂದು ತಿರುಗಿಸಿ, ಮೂಸಿ, ಆಮೇಲೆ ಕೈಮುಗಿಯುವ ಹೆಂಗಸು! ತಾಯಿಯ ಮೇಲೆ ಭಕ್ತಿಯಿದೆ. ಅನುಮಾನವೇನಿದ್ದರೂ ಪೂಜಾರಿಯ ಮೇಲೆ.

ಇಂಥವಳ ಕೈಗೆ ಮಹಿಳಾ ಸಂಘದವರು ಗದ್ದೆಗೆ ಔಷಧಿ ಹೊಡೆಯುವ ಡ್ರೋನ್ ಕೊಟ್ಟರು. ಗಂಗಾವತಿ ಸುತ್ತಿನ ಭತ್ತದ ಗದ್ದೆಗಳಲ್ಲಿ ವರ್ಷಗಟ್ಟಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ತಿರುಗಿದವಳು ಅವಳು. ಬೆನ್ನು ಕೈಕೊಟ್ಟು, ಇನ್ನು ಭಾರ ಹೊರಕೂಡದು ಎಂದು ಡಾಕ್ಟರು ಗದರಿದ ಮೇಲೆ ಈ ಡ್ರೋನ್ ಬಂದದ್ದು. ಅದು ಹಾರಿದರೆ ಚಿಗವ್ವ ಬದುವಿನ ಮೇಲೆ ನೆಟ್ಟಗೆ ನಿಂತಿರಬಹುದು. ಅದು ಕೂತರೆ ಪಂಪು ಮತ್ತೆ ಬೆನ್ನೇರುತ್ತದೆ. ಹೀಗಾಗಿ ಅವಳ ಅನುಮಾನವೆಲ್ಲ ಬ್ಯಾಟರಿಗಳ ಮೇಲೆ ಬಂದು ನಿಂತಿತು.

ತರಬೇತಿಯಲ್ಲೇ ಶುರು!

"ಬ್ಯಾಟರಿ ಫುಲ್ ಐತ್ರಿ ಅಕ್ಕಾರ," ಎಂದ ಕಲಿಸುವವನು.

"ಯಾರ ಹೇಳಿದ್ರು?"

"ಮೊಬೈಲ್ ತೋರಸಾಕತ್ತೈತ್ರಿ."

"ಅದಕ್ಕ ಯಾರ ಹೇಳಿದ್ರು?"

ಪಾಪ, ಅವನು ನೀರು ಕುಡಿಯಲು ಎದ್ದು ಹೋದ.

ಬ್ಯಾಟರಿ ಬಿಚ್ಚಿದ ಕೂಡಲೇ ಅಂಗೈ ಇಟ್ಟು ಬಿಸಿ ನೋಡುವುದು, ಹೊಟ್ಟೆ ಉಬ್ಬಿದೆಯೇ ಎಂದು ಸವರುವುದು, ಮೂಸುವುದು... ಸಂತೆಯಲ್ಲಿ ಎಮ್ಮೆ ಕೊಳ್ಳುವವರೂ ಇಷ್ಟು ತಡವುವುದಿಲ್ಲ. ಹಲ್ಲಿಲ್ಲದ್ದಕ್ಕೆ ಬ್ಯಾಟರಿ ಬಚಾವು!

ಹೋದ ಮಳೆಗಾಲದಲ್ಲಿ ಈ ಸಂಶಯಕ್ಕೆ ನಿಜವಾದ ಕೆಲಸ ಸಿಕ್ಕಿತು. ಆನೆಗೊಂದಿಯಲ್ಲಿ ಔಷಧಿ ಹೊಡೆಯುವಾಗ ಡ್ರೋನ್ ಅರ್ಧ ಗದ್ದೆಗೇ ಸುಸ್ತಾಗಿ ವಾಪಸ್ ಬಂದು ಕೂತಿತು. ಬ್ಯಾಟರಿಯ ಹೊಟ್ಟೆಯೂ ಕೊಂಚ ಉಬ್ಬಿತ್ತು. ಯಾರ ಕೈವಾಡ ಇದು? ಪಕ್ಕದ ಮನೆಯವನು ತನ್ನ ಸ್ಕೂಟರಿಗೆ ಕರೆಂಟು ಎಳೆದುಕೊಂಡನೇ? ಲೈನ್‌ಮನ್ ತೆಳ್ಳನೆಯ ಕರೆಂಟು ಬಿಟ್ಟನೇ? ಕೊನೆಗೆ ನಾನು! ಕುಷ್ಟಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಪಾಪಕ್ಕೆ ಫೋನ್ ಬಂತು.

"ಹೋದ ಸಲ ಬಂದಾಗ ನೀ ಬದ್ಲಿ ಮಾಡೀಯೇನೋ?"

"ಚಿಗವ್ವಾ, ಅಷ್ಟು ದೊಡ್ಡ ಬ್ಯಾಟರಿ ಯಾವ ಮೊಬೈಲಿಗೆ ಹಾಕ್ಲಿ?"

"ಅದನ್ನ ಇಲ್ಲಿಗೆ ಬಂದು ಹೇಳು."

ಹೋದೆ. ಆ್ಯಪ್ ತೆರೆದು, ಬ್ಯಾಟರಿ ಯಾವಾಗ ಯಾವಾಗ ಚಾರ್ಜ್ ಆಗಿದೆ ನೋಡಿದೆ. ಕೆಲಸವಿಲ್ಲದಾಗ ಈ ಬ್ಯಾಟರಿಗಳು ತಾವೇ ಅರ್ಧಕ್ಕೆ ಇಳಿದುಕೊಂಡು ಸುಮ್ಮನಿರುತ್ತವೆ. ಅವುಗಳ ಆರೋಗ್ಯಕ್ಕೆ ಅದೇ ಒಳ್ಳೆಯದು. ಆದರೆ ಡ್ರೋನ್ ಹಾರದ ಮಳೆಯ ದಿನಗಳಲ್ಲೂ, ಇಳಿದಾಗಲೆಲ್ಲ ಬೆಳಗಾಗುತ್ತಲೇ ಯಾರೋ ಪೂರ್ತಿ ತುಂಬಿಸಿದ್ದರು. ತುಂಬಿಸಿ ತುಂಬಿಸಿಯೇ ಒಂದರ ಆಯುಷ್ಯ ಮುಗಿಸಿದ್ದರು. ಉಳಿದವು ಇನ್ನೂ ಗಟ್ಟಿಯಾಗಿದ್ದವು.

"ಕಳ್ಳ ಮನ್ಯಾಗ ಅದಾನ!" ಚಿಗವ್ವನ ಕಣ್ಣು ಹೊಳೆಯಿತು. ತೆಗೆದುಕೊಂಡು ಹೋಗುವ ಕಳ್ಳರನ್ನು ಕಂಡಿದ್ದೇವೆ, ತುಂಬಿಸಿ ಹೋಗುವ ಕಳ್ಳ ಯಾರ್ರೀ?

ಬಾಗಿಲ ಬಳಿ ಕೂತಿದ್ದ ಕಾಕಾ ಕೆಮ್ಮಿದ. ಕಾಕಾ ಎಂದರೆ ಚಿಗವ್ವನ ಗಂಡ, ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲ. ಈ ಭೂಮಿಯ ಮೇಲೆ ಅವಳು ಅನುಮಾನಪಡಲು ಮರೆತಿದ್ದ ಒಬ್ಬನೇ ಮನುಷ್ಯ.

"ನಾನ ಹಾಕೀನಿ. ಬ್ಯಾಟರಿ ಮ್ಯಾಲ ನಾಕು ದೀಪ ಹತ್ತತಿದ್ದದ್ದು ಎರಡಕ್ಕ ಇಳೀತಿತ್ತು. ಸೋರಾಕತ್ತೈತಿ ಅಂತ ತಿಳದು, ಮಿಲ್ಲಿಗೆ ಹೋಗೂ ಮುಂದ ಚಾರ್ಜಿಗೆ ಹಾಕ್ತಿದ್ದೆ."

"ನನ್ನ ಒಂದ ಮಾತು ಕೇಳಬಾರದೇನ್ರಿ? ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಚಿಗವ್ವನ ಬಾಯಲ್ಲಿ ಈ ಮಾತು! ನಾನು ನಗು ತಡೆದುಕೊಳ್ಳಲು ಗೋಡೆ ಕಡೆ ಮುಖ ಮಾಡಿದೆ.

ಕಾಕಾ ತಲೆ ಎತ್ತಲಿಲ್ಲ. "ಅದು ಕೆಟ್ಟು ಕುಂತ್ರ ನೀ ಮತ್ತ ಪಂಪು ಹೊರ್ತಿ. ಬ್ಯಾಡ ಅಂದ್ರ ಕೇಳಾಕಿ ಅಲ್ಲ. ಇಷ್ಟು ವರ್ಷ ದಿನಾ ಸಂಜಿಕ ಎಣ್ಣಿ ತಿಕ್ಕಿದಾವ ನಾನು. ನಿನ್ನ ಬೆನ್ನು ನಿನಗ ಕಾಣಂಗಿಲ್ಲ. ನಾ ನೋಡೀನಿ."

ನನ್ನ ನಗು ಎಲ್ಲಿ ಹೋಯಿತೋ! ಚಿಗವ್ವ ಗಟ್ಟಿಯಿದ್ದ ಬ್ಯಾಟರಿಯೊಂದನ್ನು ಎಳೆದುಕೊಂಡು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ನಾಳಿಂದ ಮುಂಜಾನೆ ಎದ್ದಾಗ," ಎಂದಳು ಕೊನೆಗೆ, "ನನ್ನೂ ಎಬ್ಬಸ್ರಿ. ದೀಪ ಇಬ್ರೂ ಕೂಡಿ ನೋಡೂಣು."