ಎರಡರಲ್ಲಿ ಒಂದು

ಇನ್ನು ಮೇಲೆ ಅಭ್ಯಾಸಬಲದಿಂದ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡುವುದಿಲ್ಲ ಎಂದು ನಾನು ಶಪಥ ಮಾಡಿದ್ದು ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಒಂದು ಕೈಯಲ್ಲಿ ಕಾಫಿ ಬಟ್ಟಲು, ಇನ್ನೊಂದು ಕೈ ಆಕಾಶದ ಕಡೆಗೆ, ಎದುರಿಗೆ ಹೆಂಡತಿ!

"ಸೋಲಾಂಜ್, ಇವತ್ತಿಂದ ನಾನು ಸ್ವತಂತ್ರ ಮನುಷ್ಯ! ಏನೇ ಮಾಡಿದ್ರೂ ಪೂರ್ತಿ ಯೋಚಿಸಿ, ಆರಿಸಿ, ನನ್ನ ಜವಾಬ್ದಾರಿ ಮೇಲೆ ಮಾಡ್ತೀನಿ!"

ಸೋಲಾಂಜ್ ಒಲೆಯ ಮೇಲಿಂದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಒದ್ದೆ ಬೆರಳು ತಾಗಿಸಿ, ಚುಯ್ ಎಂದಿತೋ ಇಲ್ಲವೋ ನೋಡಿದಳು.

"ಹಾಗಾದ್ರೆ ಆ ಬಟ್ಟಲು ತೊಳೆಯೋದನ್ನ ಆರಿಸು" ಎಂದಳು.

ನನ್ನ ಹೆಸರು ಲಿಯೋನ್ಸ್. ವಯಸ್ಸು ಮೂವತ್ತೊಂದು. ಉದ್ಯೋಗ, ವಿದ್ಯಾರ್ಥಿ! ಎರಡನೇ ಮಹಾಯುದ್ಧ ಮುಗಿದು ಏಳು ವರ್ಷವಾಗಿದ್ದ ಪ್ಯಾರಿಸ್ಸಿನಲ್ಲಿ, ಆರನೇ ಮಹಡಿಯ ಒಂದೇ ಕೋಣೆಯಲ್ಲಿ ಕೂತು ಅಸ್ತಿತ್ವವಾದ ಓದುತ್ತಿದ್ದೆ. ಸೀನ್ ನದಿಯ ಎಡದಂಡೆಯಲ್ಲಿ ಆಗ ಕರಿ ಸ್ವೆಟರ್ ಹಾಕಿಕೊಂಡು ಕೆಫೆಯಲ್ಲಿ ನಿಟ್ಟುಸಿರು ಬಿಡುವವರೆಲ್ಲ ಅಸ್ತಿತ್ವವಾದಿಗಳೇ. ನಾನಾದರೋ ಕಾಲೇಜಿನಲ್ಲಿ ಹೆಸರು ಬರೆಸಿ, ಹಾಜರಿ ಹಾಕಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದವನು. ಪದವಿ ಸಿಕ್ಕರೆ ಯಾವುದಾದರೂ ಊರಿನ ಶಾಲೆಯಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಆದರೆ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ನಾಲ್ಕು ವರ್ಷದಿಂದ ಸೋಲಾಂಜ್ ಊರವರ ಅಂಗಿಗಳಿಗೆ ಇಸ್ತ್ರಿ ಹಾಕಿ ನನ್ನ ಚಿಂತನೆಯನ್ನು ಸಾಕುತ್ತಿದ್ದಳು.

ಶಪಥ ಮಾಡಿದ ಆ ಭಾನುವಾರವೇ ಮಾವ ಊಟಕ್ಕೆ ಬರುವವರಿದ್ದರು! ತ್ರುವಾ ಊರಿನ ಮಸ್ಯೂ ಪೆಲ್ತಿಯೇ. ಹಂದಿಯ ಕರುಳು ತೊಳೆದು, ಹೆಚ್ಚಿ, ಮತ್ತೆ ಕರುಳಿಗೇ ತುಂಬಿ ಮಾರುವುದು ಅವರ ಮನೆತನದ ಕಸುಬು. ಸೋಲಾಂಜ್ ಮೊಲದ ಮಾಂಸ ಬೇಯಲು ಇಟ್ಟು ಹೇಳಿದಳು: "ಬ್ರೆಡ್ ತಗೊಂಡು ಬಾ. ಅಷ್ಟೇ ಕೆಲಸ. ಒಂದು ಗಂಟೆಗೆ ಬೇಕರಿಯವಳು ಬಾಗಿಲು ಹಾಕ್ತಾಳೆ, ಮುಕ್ಕಾಲು ಗಂಟೆ ಮೊದಲೇ ಹೋಗು."

ನಾನು ಒಂದು ಗಂಟೆ ಮೊದಲೇ ಹೋದೆ!

ಬೇಕರಿಯ ಮಾದಾಮ್ ತಿಬೂದೋ ನನ್ನ ಮುಖ ಕಂಡದ್ದೇ ಗೂಡಿಗೆ ಕೈ ಹಾಕಿದಳು. "ಮಸ್ಯೂ ಲಿಯೋನ್ಸ್, ಎಂದಿನ ಹಾಗೇ ತಾನೆ? ಚೆನ್ನಾಗಿ ಬೆಂದಿರೋದು?"

"ನಿಲ್ಲಿ ಮಾದಾಮ್!" ಎಂದು ಗುಡುಗಿದೆ. "ಎಂದಿನ ಹಾಗೆ ಅನ್ನೋದು ಗುಲಾಮರ ಮಾತು! ಇವತ್ತು ನಾನು ಆರಿಸ್ತೀನಿ."

"ಆರಿಸಿ, ಪುಣ್ಯಾತ್ಮ. ಎರಡೇ ಥರ ಇರೋದು. ಕೆಂಪಗೆ ಬೆಂದಿದ್ದು, ಬಿಳಿಚಿಕೊಂಡಿದ್ದು."

ಯೋಚಿಸಿದೆ. ಬೆಂದದ್ದನ್ನು ಆರಿಸಿದರೆ ಅದು ಹಳೆಯ ಅಭ್ಯಾಸ. ಬಿಳಿಚಿದ್ದನ್ನು ಆರಿಸಿದರೆ ಬರೀ ಅಭ್ಯಾಸದ ಮೇಲಿನ ಹಟ. ಹಟವೂ ಒಂದು ಗುಲಾಮಗಿರಿಯೇ ಅಲ್ಲವೇ? ನನ್ನ ಹಿಂದೆ ಸಾಲು ಬೆಳೆಯಿತು. ಗೋಡೆಗೆ ಗಾರೆ ಮೆತ್ತುವ ಕೆಲಸದವನೊಬ್ಬ ನನ್ನ ಭುಜ ತಟ್ಟಿ, "ಸ್ವಾಮಿ, ಬ್ರೆಡ್ ಕೊಂಡ್ಕೋತಿದೀರೋ, ಮದುವೆ ಆಗ್ತಿದೀರೋ?" ಎಂದ. ಸಾಲಿಗೆ ಸಾಲೇ ನಕ್ಕಿತು. ಮಹಾತ್ಮರನ್ನು ಕಂಡು ಜನ ನಗುವುದು ಹೊಸದೇನಲ್ಲ ಎಂದುಕೊಂಡು, ಬಾಗಿಲ ಹೊರಗೆ ಒಂದು ಪಕ್ಕಕ್ಕೆ ಸರಿದು ನಿಂತು ಯೋಚನೆ ಮುಂದುವರಿಸಿದೆ.

ಕೊನೆಗೆ ನಿರ್ಧಾರವಾಯಿತು! "ಮಾದಾಮ್, ಬೆಂದದ್ದೇ ಕೊಡಿ. ಆದ್ರೆ ನೆನಪಿರಲಿ, ಇದು ಅಭ್ಯಾಸ ಅಲ್ಲ!"

ಎದುರಿಗೆ ಮಾದಾಮ್ ಇರಲಿಲ್ಲ. ಅರ್ಧ ಕೆಳಗಿಳಿಸಿದ ಷಟರಿನ ಅಡಿಯಲ್ಲಿ ಅವಳ ಪೊರಕೆ ಮಾತ್ರ ಕಾಣುತ್ತಿತ್ತು. "ಎರಡೂ ಖಾಲಿ" ಎಂದಿತು ಒಳಗಿನ ದನಿ.

ಫ್ರೆಂಚರ ಊಟದ ಮೇಜಿನಲ್ಲಿ ಹೆಂಡತಿ ಇಲ್ಲದಿದ್ದರೂ ನಡೆದೀತು, ಬ್ರೆಡ್ ಇಲ್ಲದಿದ್ದರೆ ನಡೆಯದು! ಮಾವ ಮೊಲ ತಿಂದರು. ತಟ್ಟೆಯಲ್ಲಿ ಉಳಿದ ಗೊಜ್ಜನ್ನು ಒರೆಸಿ ಬಾಯಿಗಿಡಲು ಎಡಗೈ ಚಾಚಿದರು. ಕೈಗೆ ಮೇಜುಬಟ್ಟೆ ಸಿಕ್ಕಿತು.

"ಬ್ರೆಡ್ ಎಲ್ಲಿ?"

"ಮಾವ, ಅದು ಏನಾಯ್ತು ಅಂದ್ರೆ... ನಾನು ಆರಿಸ್ತಾ ಇದ್ದೆ."

"ಏನನ್ನ?"

"ಬ್ರೆಡ್ಡನ್ನೇ."

ಮಾವ ಕರವಸ್ತ್ರ ಮಡಿಸಿಟ್ಟರು. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಮೆಲ್ಲಗೆ ಮಾತಾಡಿದರು. "ನೋಡಪ್ಪಾ ಅಳಿಯ. ಮೂವತ್ತು ವರ್ಷದಲ್ಲಿ ನನ್ನ ಅಂಗಡಿಗೆ ಬಂದ ಒಂದು ಹಂದೀನೂ ಇಷ್ಟು ಯೋಚನೆ ಮಾಡಿಲ್ಲ. ಜೂನ್ ಪರೀಕ್ಷೆ ಕೊನೇದು. ಪಾಸಾದ್ಯೋ, ನೀನು ಮೇಷ್ಟ್ರು, ನಾನು ಟೋಪಿ ತೆಗೆದು ನಮಸ್ಕಾರ ಮಾಡ್ತೀನಿ. ಇಲ್ವೋ, ಇಬ್ರೂ ತ್ರುವಾಗೆ ಬನ್ನಿ. ಕರುಳು ತೊಳೆಯೋಕೆ ಒಬ್ಬ ಬೇಕು. ಅಲ್ಲಿ ಆರಿಸೋದು ಏನೂ ಇರಲ್ಲ, ಎಲ್ಲಾನೂ ತೊಳೀಬೇಕು."

ಅವರು ಹೋದ ಮೇಲೆ ಸೋಲಾಂಜ್ ಬೈಯುತ್ತಾಳೆಂದು ಕಾದೆ. ಅವಳು ತಟ್ಟೆಗಳನ್ನು ಹಾಗೆಯೇ ಬಿಟ್ಟು ಕಿಟಕಿಯ ಬಳಿ ನಿಂತಳು.

"ಲಿಯೋನ್ಸ್, ನಾನು ಹದಿನೆಂಟು ವರ್ಷ ಆ ವಾಸನೇಲಿ ಬೆಳೆದವಳು. ಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಾ ಇರ್ಲಿಲ್ಲ. ನಿನ್ನ ಕೈ ಹಿಡಿದಿದ್ದು ಯಾಕೆ ಗೊತ್ತಾ? ನಿನ್ನ ಮೈಯಿಂದ ಪುಸ್ತಕದ ವಾಸನೆ ಬರ್ತಿತ್ತು. ಬೇರೇನೂ ಗುಣ ಇರ್ಲಿಲ್ಲ ನಿಂಗೆ. ದಯವಿಟ್ಟು ಪಾಸಾಗು."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಓದಿದೆ! ಆ ನಾಲ್ಕು ವಾರ ಓದಿದ ಹಾಗೆ ಜನ್ಮದಲ್ಲಿ ಓದಿರಲಿಲ್ಲ. ಸ್ವಾತಂತ್ರ್ಯ, ಕಳವಳ, ಶೂನ್ಯ, ಆತ್ಮವಂಚನೆ, ಯಾವುದನ್ನು ಕೇಳಿದರೂ ನಿದ್ದೆಯಲ್ಲೂ ಒಪ್ಪಿಸುವಷ್ಟು. ಸೋಲಾಂಜ್ ಇಸ್ತ್ರಿ ಹಾಕುತ್ತಾ ಟಿಪ್ಪಣಿ ಹಿಡಿದು ಪ್ರಶ್ನೆ ಕೇಳುವಳು, ನಾನು ಮಂಚದ ಮೇಲೆ ನಿಂತು ಉತ್ತರಿಸುವೆ. ಈ ಸಲ ನನಗೆ ಗೊತ್ತಿಲ್ಲದ ವಿಷಯ ಪರೀಕ್ಷೆಯ ಚೀಟಿಗಳ ಪೆಟ್ಟಿಗೆಯಲ್ಲಿ ಒಂದೂ ಇರಲು ಸಾಧ್ಯವಿಲ್ಲ ಎಂದು ಎದೆ ತಟ್ಟಿಕೊಂಡೆ. ಅಯ್ಯೋ, ಅದೇ ನನಗೆ ಮುಳುವಾಯಿತು!

ನಮ್ಮ ಮೌಖಿಕ ಪರೀಕ್ಷೆಯ ಪದ್ಧತಿ ಹೀಗೆ: ಪೆಟ್ಟಿಗೆಗೆ ಕೈ ಹಾಕಿ ಒಂದು ಚೀಟಿ ಎತ್ತಬೇಕು. ಚೀಟಿಯಲ್ಲಿ ಎರಡು ವಿಷಯ. ಅದರಲ್ಲಿ ಒಂದನ್ನು ಆರಿಸಿಕೊಂಡು, ಪಕ್ಕದ ಕೋಣೆಯಲ್ಲಿ ಪುಸ್ತಕವಿಲ್ಲದೆ ಒಂದು ಗಂಟೆ ಸಿದ್ಧತೆ ಮಾಡಿ, ಮೂವರು ಪರೀಕ್ಷಕರ ಮುಂದೆ ಮಾತಾಡಬೇಕು. ಹಿಂದಿನ ಎರಡು ಸಲವೂ ಎರಡರಲ್ಲಿ ಒಂದು ನನಗೆ ಗೊತ್ತೇ ಇರಲಿಲ್ಲ. ಹಾಗಾಗಿ ಆರಿಸುವ ಕಷ್ಟವೇ ಬಂದಿರಲಿಲ್ಲ. ಗೊತ್ತಿದ್ದುದನ್ನು ಹಿಡಿದು ನೆಮ್ಮದಿಯಾಗಿ ಫೇಲಾಗಿದ್ದೆ.

ಚೀಟಿ ಬಿಚ್ಚಿದೆ. "ಒಂದು: ಸ್ವಾತಂತ್ರ್ಯವು ಹೊರೆಯೇ? ಎರಡು: ಪರರ ಕಣ್ಣಿನಲ್ಲಿ ನಾನು ಯಾರು?"

ಎರಡೂ ಗೊತ್ತು! ಎರಡೂ ಕಂಠಪಾಠ! ಕುಣಿದಾಡಿಕೊಂಡು ಕೋಣೆಗೆ ಹೋಗಿ ಕೂತೆ. ಮೊದಲ ಹತ್ತು ನಿಮಿಷ ಸ್ವಾತಂತ್ರ್ಯ. ಆಮೇಲೆ, ಛೆ, ಪರರ ಕಣ್ಣು ಇನ್ನೂ ಆಳವಾದದ್ದಲ್ಲವೇ ಎನ್ನಿಸಿತು. ಬರೆದದ್ದನ್ನು ಹರಿದೆ. ಹತ್ತು ನಿಮಿಷ ಪರರ ಕಣ್ಣು. ಆಮೇಲೆ, ಸುಲಭವೆಂದು ಇದನ್ನು ಹಿಡಿದೆನೇ? ಇದು ಹೇಡಿತನವೇ? ಹರಿದೆ. ಬೆವರು ಹಣೆಯಿಂದ ಹಾಳೆಗೆ ತೊಟ್ಟಿಕ್ಕಿತು. ಕಾವಲಿಗಿದ್ದ ಮುದಿ ಜವಾನ ಹತ್ತಿರ ಬಂದು, "ಮಸ್ಯೂ, ಇದೇ ಕೊನೇ ಹಾಳೆ. ಇನ್ನು ಹರಿಯೋಕೆ ಬೇಕಂದ್ರೆ ಪೇಪರ್ ಓದಿ ಮುಗಿಸಿದ್ದೀನಿ, ಕೊಡ್ಲಾ?" ಎಂದ.

ಗಂಟೆ ಹೊಡೆಯಿತು. ನನ್ನ ಕೈಯಲ್ಲಿ ಒಂದು ಖಾಲಿ ಹಾಳೆ!

ನಮ್ಮಲ್ಲಿ ಮೌಖಿಕ ಪರೀಕ್ಷೆಯನ್ನು ಯಾರು ಬೇಕಾದರೂ ಬಂದು ನೋಡಬಹುದು. ಹಿಂದಿನ ಬೆಂಚಿನಲ್ಲಿ ಹೆಣೆಯುವ ಕಡ್ಡಿ ಹಿಡಿದ ಇಬ್ಬರು ಅಜ್ಜಿಯರು ಬೆಳಗಿನಿಂದ ಕೂತು ವಿದ್ಯಾರ್ಥಿಗಳ ಮಾನ ಹೋಗುವುದನ್ನು ಸವಿಯುತ್ತಿದ್ದರು. ಮುಂದೆ ಪ್ರೊಫೆಸರ್ ಬುಸಾರ್ ಮತ್ತು ಇನ್ನಿಬ್ಬರು.

"ಯಾವ ವಿಷಯ ಆರಿಸಿಕೊಂಡಿರಿ?" ಎಂದರು ಬುಸಾರ್.

"ಸ್ವಾತಂತ್ರ್ಯ!" ಎಂದು ಶುರು ಮಾಡಿದೆ. ಐದು ನಿಮಿಷ ಹೊಳೆಯಂತೆ ಹರಿದೆ. ಪರೀಕ್ಷಕರೊಬ್ಬರು ತಲೆಯನ್ನೂ ಆಡಿಸಿದರು! ಆ ಕ್ಷಣ ಮನಸ್ಸಿನ ಮೂಲೆಯಲ್ಲಿ ಕೂತಿದ್ದ ಎರಡನೇ ವಿಷಯ ಮುನಿಸಿಕೊಂಡು ನೋಡಿದ ಹಾಗಾಯಿತು. "ಆದರೆ ಪರರ ಕಣ್ಣಿನಲ್ಲಿ..." ಎಂದು ಅತ್ತ ಹಾರಿದೆ. ಅಲ್ಲಿಂದ ಇತ್ತ. ಇತ್ತಲಿಂದ ಅತ್ತ.

"ಒಂದು ನಿಮಿಷ. ಈಗ ನೀವು ಯಾವ ವಿಷಯದಲ್ಲಿ ಇದ್ದೀರಿ?"

"ಮೊದಲನೇದೇ ಚೆನ್ನಾಗಿತ್ತಪ್ಪಾ, ಅದನ್ನೇ ಹಿಡ್ಕೋ!" ಎಂದಳು ಹಿಂದಿನ ಬೆಂಚಿನ ಒಬ್ಬ ಅಜ್ಜಿ.

"ಸುಮ್ನಿರೇ, ಎರಡನೇದರಲ್ಲೇ ಜೀವ ಇರೋದು" ಎಂದಳು ಇನ್ನೊಬ್ಬಳು.

ಅಜ್ಜಿಯರಲ್ಲೂ ಬಹುಮತವಿಲ್ಲ! ನಾನು ಎದೆಯುಬ್ಬಿಸಿ ಬ್ರಹ್ಮಾಸ್ತ್ರ ಬಿಟ್ಟೆ. "ಪ್ರೊಫೆಸರ್, ಯಾವುದನ್ನೂ ಆರಿಸದೆ ಇರೋದೂ ಒಂದು ಆಯ್ಕೆ! ನಾನು ಅದನ್ನ ಆರಿಸಿದ್ದೀನಿ!"

ಬುಸಾರ್ ಕನ್ನಡಕ ತೆಗೆದು ಒರೆಸಿದರು. "ಒಪ್ಪಿದೆ. ಅದಕ್ಕೆ ಎಷ್ಟು ಅಂಕ ಕೊಡಬೇಕು ಅನ್ನೋದು ನನ್ನ ಆಯ್ಕೆ. ನನಗೆ ಯೋಚನೆಯೇ ಬೇಕಾಗಿಲ್ಲ." ಪೆನ್ನು ಎತ್ತಿ ಗುಂಡಗೆ ಏನೋ ಬರೆದರು. ಅಷ್ಟು ದೂರದಿಂದಲೂ ಅದರ ಆಕಾರ ಕಾಣಿಸಿತು.

ಆರು ಮಹಡಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಸುಳ್ಳು ಹೊಂದಿಸಿದೆ. ಫಲಿತಾಂಶ ಮುಂದಕ್ಕೆ ಹೋಗಿದೆ ಎನ್ನಲೇ? ಪ್ರೊಫೆಸರಿಗೆ ಹುಷಾರಿಲ್ಲ ಎನ್ನಲೇ? ಸೋಲಾಂಜ್ ನಿಂತು ನಿಂತು ಕಾಲು ಊದಿಸಿಕೊಂಡ ನಾಲ್ಕು ವರ್ಷವನ್ನು ನಾನು ಒಂದು ಗಂಟೆಯಲ್ಲಿ ಹರಿದು ಹಾಕಿದ್ದೆ.

ಬಾಗಿಲು ತೆರೆದಿತ್ತು. ಕೋಣೆಯ ನಡುವೆ ಹಗ್ಗ ಬಿಗಿದ ಟ್ರಂಕು. ಅದರ ಮೇಲೆ ಸೋಲಾಂಜ್, ಕೋಟು ಹಾಕಿಕೊಂಡು ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಸೋಲಾಂಜ್... ನಾನಿನ್ನೂ ಏನೂ ಹೇಳೇ ಇಲ್ವಲ್ಲ! ಫೇಲಾದೆ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಿನ್ನ ಕುತ್ತಿಗೆ ಮುಟ್ಟಿ ನೋಡ್ಕೋ."

ಮುಟ್ಟಿಕೊಂಡೆ. ಬೋಳು ಕಾಲರ್! ಮೂವರು ಪರೀಕ್ಷಕರ ಎದುರು, ಇಬ್ಬರು ಅಜ್ಜಿಯರ ಎದುರು, ಟೈ ಇಲ್ಲದೆ ನಿಂತಿದ್ದೆನೇ!

"ಬೆಳಿಗ್ಗೆ ಕುರ್ಚಿ ಮೇಲೆ ಎರಡು ಟೈ ಇಟ್ಟಿದ್ದೆ" ಎಂದಳು ಸೋಲಾಂಜ್, ಎದ್ದು ಟ್ರಂಕಿನ ಒಂದು ಹಿಡಿ ಎತ್ತುತ್ತಾ. "ನೀನು ಹೊರಟ ಮೇಲೆ ನೋಡಿದ್ರೆ ಎರಡೂ ಅಲ್ಲೇ ಇದ್ವು. ನೀನು ಕೆಳಗಿನ ಬಾಗಿಲು ದಾಟಿದ್ದೇ ತಡ, ನಾನು ಪೋಸ್ಟಾಫೀಸಿಗೆ ಓಡಿ, ಇಬ್ರೂ ಬರ್ತಿದ್ದೀವಿ ಅಂತ ಅಪ್ಪನಿಗೆ ತಂತಿ ಕೊಟ್ಟೆ."