ಜೆಟ್ ಲ್ಯಾಗ್ ನಿವಾರಣಾ ತಟ್ಟೆ ಸೇವೆ

"ಜೆಟ್ ಲ್ಯಾಗ್ ಅನ್ನೋದು ಶಿಸ್ತಿಲ್ಲದವರಿಗೆ ಬರೋ ಕಾಯಿಲೆ. ನನ್ನ ಮಗಳ ಹತ್ತಿರಾನೂ ಸುಳಿಯೋಕೆ ಬಿಡಲ್ಲ."

ಟೊರಾಂಟೊದಲ್ಲಿ ತಂಗಿ ಶೈಲಜಾಳ ಮಗುವಿನ ನಾಮಕರಣ ಮುಗಿಸಿಕೊಂಡು ಮೂವರೂ ದೆಹಲಿಯಲ್ಲಿ ಇಳಿದೊಡನೆ ಗಂಡ ದಿಲೀಪ್ ಎದುರು ಹೀಗೆ ಘೋಷಿಸಿದೆ. ಕಾರಣವಿತ್ತು. ಆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ದೆಹಲಿ ಪಕ್ಕದ ನಮ್ಮ ಇಂದಿರಾಪುರಂನ ಶಾಲೆಯೊಂದರಲ್ಲಿ ನಮ್ಮ ಮೂರು ವರ್ಷದ ಸ್ಫೂರ್ತಿಗೆ ನರ್ಸರಿ 'ಇಂಟರಾಕ್ಷನ್'. ಅದನ್ನು ಸಂದರ್ಶನ ಎನ್ನಬಾರದಂತೆ, ಪ್ರಶ್ನೆಗಳು ಮಾತ್ರ ಅವೇ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮಕ್ಕಳೆಲ್ಲ ಅಲ್ಲೇ. ಸೀಟು ಸಿಗದಿದ್ದರೆ ನಾನು ಲಿಫ್ಟಿನಲ್ಲಿ ಯಾವ ಮುಖ ಹೊತ್ತು ಓಡಾಡಲಿ? ತೊಂದರೆಯೆಂದರೆ, ಇಲ್ಲಿ ಬೆಳಿಗ್ಗೆ ಹತ್ತಾದಾಗ ಮಗಳ ಕಣ್ಣಿಗೆ ಟೊರಾಂಟೊದ ನಡುರಾತ್ರಿ.

"ಹಗಲು ಮಲಗೋಕೆ ಬಿಡದೇ ಇದ್ರೆ ಆಯ್ತು. ನೀವೂ ರಜೆ ಹಾಕಿ" ಎಂದೆ.

"ಬೇಡಮ್ಮ, ನಾನು ಆಫೀಸಿಗೇ ಹೋಗ್ತೀನಿ. ಅಲ್ಲಿ ಊಟ ಆದ್ಮೇಲೆ ಎಲ್ಲರಿಗೂ ಜೆಟ್ ಲ್ಯಾಗೇ. ನನ್ನೊಬ್ಬಂದು ಯಾರಿಗೂ ಗೊತ್ತಾಗಲ್ಲ" ಎಂದರು ಸರ್ಕಾರಿ ನೌಕರರು.

ಮರುದಿನ ಹತ್ತಕ್ಕೆ ಸರಿಯಾಗಿ ಮಗಳು ಉಪ್ಪಿಟ್ಟಿನೊಳಗೆ ಮುಖವಿಟ್ಟು ಮಲಗಿದಳು. ಕರೆದೆ, ಅಲುಗಾಡಿಸಿದೆ, ಚಾಕೊಲೇಟಿನ ಆಸೆ ತೋರಿಸಿದೆ. ಕೊನೆಗೆ ಸ್ಟೀಲ್ ತಟ್ಟೆ, ಸೌಟು ಹಿಡಿದು ಢಣ್ ಢಣ್ ಎಂದು ಬಾರಿಸಿದೆ. ಎದ್ದು ಕುಣಿಯತೊಡಗಿದಳು. ನಿಲ್ಲಿಸಿದರೆ ಮತ್ತೆ ಉಪ್ಪಿಟ್ಟಿಗೆ ಸಾಷ್ಟಾಂಗ. ಹಾಗಾಗಿ ನಿಲ್ಲಿಸಲೇ ಇಲ್ಲ.

ಕರೆಗಂಟೆ ಮೊಳಗಿತು. ಕೆಳಗಿನ ಮನೆಯ ಬನ್ಸಲ್ ಆಂಟಿ. ಜಗಳಕ್ಕೆ ಟೊಂಕ ಕಟ್ಟಿ ಬಾಗಿಲು ತೆರೆದರೆ, ಆಂಟಿ ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆಗೆ ಹೊದ್ದು, ಕೈಮುಗಿದು ನಿಂತಿದ್ದಾರೆ.

"ಬೇಟಾ, ಘರ್ ಮೇ ಪೂಜಾ ಹೈ ಔರ್ ಬತಾಯಾ ಭೀ ನಹೀಂ?"

ಮನೆಯಲ್ಲಿ ಪೂಜೆ ಇಟ್ಟುಕೊಂಡು ಹೇಳಲೇ ಇಲ್ಲವಲ್ಲ ಎಂದು ಆಂಟಿಯ ಆಕ್ಷೇಪ. ಮುಗಿದ ಕೈಗಳ ಮುಂದೆ, ಇದು ಮಗುವಿನ ನಿದ್ದೆ ಕೆಡಿಸುವ ಕಾರ್ಯಕ್ರಮ ಎಂದು ಹೇಗೆ ಹೇಳಲಿ? "ಜೀ ಆಂಟಿ, ಛೋಟೀ ಸೀ" ಎಂದು ಚಿಕ್ಕದೊಂದು ಪೂಜೆಯನ್ನು ಒಪ್ಪಿಕೊಂಡುಬಿಟ್ಟೆ. ಪೂಜೆ ಎಂದ ಮೇಲೆ ಪ್ರಸಾದ ಬೇಡವೇ? ರವೆ ಡಬ್ಬಿ ಹೊರಗೇ ಇತ್ತು. ತುಪ್ಪ, ಸಕ್ಕರೆ ಸುರಿದು ಕೇಸರಿಬಾತ್ ಮಾಡಿ ಕೊಟ್ಟೆ. ಆಂಟಿ ಬೆರಳು ಚೀಪುತ್ತಾ ಕೇಳಿದರು, "ಕಲ್ ಭೀ ಇಸೀ ಟೈಮ್?"

ಮರುದಿನ ಅದೇ ಹೊತ್ತಿಗೆ ಸೊಸೈಟಿಯ ಇಡೀ ಕೀರ್ತನ ಮಂಡಳಿ ಢೋಲಕ್ ಸಮೇತ ನಮ್ಮ ನಡುಮನೆಯಲ್ಲಿ ಪ್ರತಿಷ್ಠಾಪನೆಯಾಯಿತು. ಸ್ಫೂರ್ತಿ ತಟ್ಟೆ ಬಡಿಯುತ್ತಾ ನಾಯಕಿಯಾದಳು, ರೆಪ್ಪೆ ಮುಚ್ಚಲಿಲ್ಲ. ನಾನು ಗೆದ್ದಿದ್ದೆ. ಗುರುವಾರವೂ ಅದೇ ವೈಭವ. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಪ್ರಸಾದ ಕೊಟ್ಟು ಕಳಿಸಿ ನನ್ನ ಕೈಯೆಲ್ಲ ತುಪ್ಪ.

ಹಗಲು ಹೀಗೆ ಕುಣಿದವಳು ರಾತ್ರಿ ಮಲಗಬೇಕಿತ್ತಲ್ಲ? ಇಲ್ಲ. ಟೊರಾಂಟೊದ ಹಗಲಿನ ಬಾಕಿ ಅವಳಲ್ಲಿ ಇನ್ನೂ ಉಳಿದಿತ್ತು. "ಮಮ್ಮಾ, ಫಿರ್ ಸೇ ಢಣ್ ಢಣ್!" ಎಂದು ಮತ್ತೆ ಮತ್ತೆ ಬಾರಿಸಲು ಪೀಡಿಸಿ ನನ್ನನ್ನೂ ಮಲಗಗೊಡಲಿಲ್ಲ. ದಿಲೀಪ್ ಮಾತ್ರ ಗೊರಕೆಯಲ್ಲೇ ತಾಳ ಹಾಕುತ್ತಿದ್ದರು.

ಶುಕ್ರವಾರ. ಪ್ರಿನ್ಸಿಪಾಲರ ಕೋಣೆಯಲ್ಲಿ ಬೆಚ್ಚನೆಯ ಹೀಟರ್, ಮೆತ್ತನೆಯ ಸೋಫಾ. ಮಗಳು ಯಾವಾಗ ಮಲಗುತ್ತಾಳೆಂದು ಅವರು ಕೇಳಿದರು. ಕನ್ನಡಿ ಮುಂದೆ ನಿಂತು ಕಲಿತಿದ್ದ ಭಾಷಣವನ್ನು ಇಂಗ್ಲಿಷಿನಲ್ಲಿ ಶುರು ಮಾಡಿದೆ: ನಮ್ಮ ಮನೆಯಲ್ಲಿ ನಿದ್ದೆಯ ವಿಷಯದಲ್ಲಿ ಬಹಳ ಶಿಸ್ತು, ಮ್ಯಾಮ್...

ನನಗೆ ನೆನಪಿರುವುದು ಅಷ್ಟೇ. ಮುಂದಿನದು ದಿಲೀಪ್ ಹೇಳಿದ್ದು. ನನ್ನ ತಲೆ ಅವರ ಭುಜಕ್ಕೆ ಒರಗಿತಂತೆ. ಚಿವುಟಿದರೂ ಏಳಲಿಲ್ಲವಂತೆ.

"ಮಮ್ಮೀ ಕೋ ಕ್ಯಾ ಹುವಾ?" ನನಗೇನಾಯಿತೆಂದು ಕೇಳಿದರಂತೆ ಪ್ರಿನ್ಸಿಪಾಲ್.

"ಮಮ್ಮಾ ಸೋ ಗಯೀ. ಮೈಂ ಉಠಾತೀ ಹೂಂ" ಎಂದು, ಮಲಗಿದ ಅಮ್ಮನನ್ನು ಎಬ್ಬಿಸುವ ಹೊಣೆ ಹೊತ್ತ ಮಗಳು, ಮೇಜಿನ ಮೇಲಿದ್ದ ಬಿಸ್ಕತ್ತುಗಳನ್ನು ಅಪ್ಪನ ತೊಡೆಗೆ ಸುರಿದು, ಖಾಲಿ ತಟ್ಟೆಯನ್ನು ಚಮಚದಿಂದ ಬಡಿಯತೊಡಗಿದಳಂತೆ. ಜೊತೆಗೆ ಬನ್ಸಲ್ ಆಂಟಿಯ ಭಜನೆ. ಅಲ್ಲಿದ್ದ ಇಬ್ಬರು ಟೀಚರುಗಳೂ ಚಪ್ಪಾಳೆ ತಟ್ಟಿದರಂತೆ.

ನಾನು ಕಣ್ಣು ಬಿಟ್ಟಾಗ ಎದುರಿಗೆ ತಟ್ಟೆ, ತಾಳ, ಭಜನೆ, ಹೆಂಗಸರು. ಎದ್ದು ನಿಂತು ಪ್ರಿನ್ಸಿಪಾಲರಿಗೆ ಭಕ್ತಿಯಿಂದ ಕೈಮುಗಿದೆ.

"ಬೈಠಿಯೇ, ಬೈಠಿಯೇ. ಪ್ರಸಾದ್ ಲೇಕೇ ಜಾನಾ" ಎಂದು, ಕೂತು ಪ್ರಸಾದ ತೆಗೆದುಕೊಂಡೇ ಹೋಗುವಂತೆ ನಾನೇ ಉಪಚರಿಸಿದೆ.

ದಿಲೀಪ್ ನನ್ನ ತೋಳು ಹಿಡಿದು ಹೊರಗೆ ಬೆಂಚಿನ ಮೇಲೆ ಕೂರಿಸಿ, ತಾವು ಮತ್ತೆ ಒಳಗೆ ಹೋದರು. ಹೊರಬಂದವರು ನಮ್ಮನ್ನು ನೇರ ಆಟೋ ಹತ್ತಿಸಿದರು.

"ರೀ, ಸೀಟು ಹೋಯ್ತಾ?" ಅವರ ತೋಳು ಹಿಡಿದು ಅಲುಗಾಡಿಸಿದೆ.

"ಸಿಕ್ತು."

"ನಿಜ ಹೇಳಿ, ಅವರು ಏನಂದ್ರು?"

"ಮಗು ಸ್ಕೂಲಿಗೆ ಪೂರ್ತಿ ರೆಡಿ ಅಂತೆ. ಮಮ್ಮೀನ ಮಾತ್ರ ಮುಂದಿನ ವರ್ಷ ಕರ್ಕೊಂಡು ಬನ್ನಿ ಅಂದ್ರು."