ಎರವಲು ಗಡಿಯಾರದ ಶಾಲೆಗೆ ಒಬ್ಬ ಮೇಷ್ಟ್ರು

ಇಂದ,
ಕು. ಗಾಳೆಮ್ಮ, ಬಿ.ಎ.,
ತಂದೆ: ಗಾದಿಲಿಂಗಪ್ಪ, ರೈಲ್ವೆ ಗ್ಯಾಂಗ್‌ಮನ್,
ಬನ್ನಿಗುಂಟಿ ಗ್ರಾಮ, ಹಗರಿಬೊಮ್ಮನಹಳ್ಳಿ ತಾಲೂಕು.

ಗೆ,
ಮಾನ್ಯ ಶಾಲಾ ತನಿಖಾ ಸಾಹೇಬರು,
ಮೇಲಿನ ಕಚೇರಿ.

ವಿಷಯ: ಬನ್ನಿಗುಂಟಿ ಶಾಲೆ ಅತಿ ಚೆನ್ನಾಗಿ ನಡೆಯುತ್ತಿದೆ ಎಂಬ ಕಾರಣಕ್ಕೆ ಅದರ ಒಂದೇ ಒಂದು ಮೇಷ್ಟ್ರ ಹುದ್ದೆಯನ್ನು ಬೇರೆ ಊರಿಗೆ ಕೊಡುವುದನ್ನು ನಿಲ್ಲಿಸುವ ಬಗ್ಗೆ, ಹಾಗೂ ಅರ್ಜಿದಾರಳು ಸಭೆಯಲ್ಲಿ ಆಡಿದ ಮಾತನ್ನು ತಮ್ಮ ಅಪ್ಪಣೆಯಂತೆ ಬರೆದು ಕೊಡುವ ಬಗ್ಗೆ.

ಉಲ್ಲೇಖ:
1) ಅರ್ಜಿದಾರಳ ದಿನಚರಿ, ದಿ. 11-7-1983: "ನನ್ನ ದನಿ ಮೂರನೇ ಸಾಲಿನಾಚೆ ಮುಟ್ಟುವುದಿಲ್ಲ. ಹಿಂದಿನ ಮಕ್ಕಳು ಪಾಪ, ಕೇಳಿಸಿದಂತೆ ತಲೆ ಆಡಿಸುತ್ತವೆ. ಇದನ್ನು ಯಾರಿಗೂ ಹೇಳಬಾರದು."
2) ತಮ್ಮ ತನಿಖಾ ಷರಾ, ದಿ. 9-8-1984.
3) ತಮ್ಮ ಬಾಯಿಮಾತಿನ ಅಪ್ಪಣೆ, ದಿ. 5-9-1984: "ಏನಿದ್ದರೂ ಬರೆದು ಕೊಡಮ್ಮ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರಳು ನಾಲ್ಕು ಜನರೆದುರು ಬಾಯಿ ಬಿಡುವ ಸ್ವಭಾವದವಳಲ್ಲದ ಕಾರಣ, ಕೆಳಗಿನ ಅಂಶಗಳನ್ನು ಕಾಗದದ ಮೇಲೆ ಅರಿಕೆ ಮಾಡಿಕೊಳ್ಳುತ್ತಾಳೆ.

1. ಸದರಿ ಶಾಲೆಯ ಏಕೈಕ ಮೇಷ್ಟ್ರಾಗಿದ್ದ ಶಿವಯೋಗಪ್ಪನವರು 1983ರ ಮೇ ತಿಂಗಳಲ್ಲಿ ನಿವೃತ್ತರಾದರು. ಹೊಸಬರು ಬರುವ ತನಕ ತಾತ್ಕಾಲಿಕವಾಗಿ ಎಂಬ ಮಾತಿನ ಮೇಲೆ, ಊರಿನ ಏಕೈಕ ಪದವೀಧರೆಯಾದ ಅರ್ಜಿದಾರಳನ್ನು ಕರೆದು ಕರಿಹಲಗೆಯ ಮುಂದೆ ನಿಲ್ಲಿಸಲಾಯಿತು. ಸದರಿ ತಾತ್ಕಾಲಿಕಕ್ಕೆ ಈಗ ಹದಿನಾರು ತಿಂಗಳು ತುಂಬಿ, ಹಲ್ಲು ಮೂಡಿ, ಅದು ಗೋಡೆ ಹಿಡಿಯದೆ ನಡೆದಾಡುತ್ತಿದೆ. ಮಕ್ಕಳು ಅರವತ್ತೆರಡು, ತರಗತಿ ನಾಲ್ಕು, ದನಿ ಒಂದು (ನೋಡಿ: ಉಲ್ಲೇಖ 1).

2. ಅದೇ ಮಳೆಗಾಲದಲ್ಲಿ ಶಾಲೆಯ ಪಡುವಣ ಗೋಡೆಯೂ ನಿವೃತ್ತಿ ಪಡೆಯಿತು. ಕಷ್ಟಕಾಲದಲ್ಲಿ ಸರ್ಕಾರಕ್ಕೆ ತೊಂದರೆ ಕೊಡಬಾರದೆಂಬ ಸೌಜನ್ಯ ನಮ್ಮ ಊರಿಗೆ ಮೊದಲಿನಿಂದಲೂ ಇರುವ ಕಾರಣ, ಭಜನಾ ಮಂಡಳಿಯವರು ತಾವು ಭಜನೆ ಮಾಡುವ ಹಾಲನ್ನು ತರಗತಿಗೆ ಬಿಟ್ಟುಕೊಟ್ಟರು. ಮಹಿಳಾ ಮಂಡಳದವರು ಸರದಿ ಪ್ರಕಾರ ನೆಲ ಸಾರಿಸಿ ನೀರು ತುಂಬಿದರು. ಯುವಕ ಸಂಘದವರು ಹೊಸ ಗೋಡೆಗೆ ಕಲ್ಲು ಹೊತ್ತರು. ಗೋಡೆ ಎದೆಮಟ್ಟಕ್ಕೆ ಬಂದಾಗ ಅದಕ್ಕೆ ಅಧ್ಯಕ್ಷರು ಯಾರೆಂಬ ಪ್ರಶ್ನೆ ಎದ್ದದ್ದರಿಂದ ಇಂದಿಗೂ ಎದೆಮಟ್ಟದಲ್ಲೇ ಇದೆ.

3. ಹೀಗಿರಲು, ತಾವು ತನಿಖೆಗೆ ದಯಮಾಡಿಸುವುದಾಗಿ ಒಂದು ವಾರ ಮುಂಚೆಯೇ ಕಾಗದ ಬಂತು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರುವುದು ಅಗತ್ಯ. ಹೆಣ್ಣು ನೋಡಲು ಬೀಗರು ಬರುವ ದಿನ, ಅಕ್ಕಪಕ್ಕದವರು ತಮ್ಮ ಮನೆಯ ಒಳ್ಳೆಯ ಸಾಮಾನನ್ನೆಲ್ಲ ತಂದು ಹೆಣ್ಣಿನ ಮನೆಯಲ್ಲಿ ಜೋಡಿಸಿಡುತ್ತಾರೆ. ಬಂದವರು ಹೋದ ಮೇಲೆ ಹೊತ್ತೊಯ್ಯುತ್ತಾರೆ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಮಾನ ಎನ್ನುತ್ತಾರೆ.

ಸದರಿ ಪದ್ಧತಿಯ ಪ್ರಕಾರ ಎಣ್ಣೆ ಗಿರಣಿಯ ಗೋಡೆ ಗಡಿಯಾರ, ಟೆಂಟ್ ಸಿನಿಮಾದ ಬೆಂಚುಗಳು, ಭಜನಾ ಮಂಡಳಿಯ ಹೊಸ ಜಮಖಾನ ಹಾಲಿಗೆ ಬಂದವು. ಎಲ್ಲ ಬಂದ ಮೇಲೆ ಒಂದು ಕೊರತೆ ಕಂಡುಬಂತು: ಮೇಷ್ಟ್ರು. ಮಹಿಳಾ ಮಂಡಳದ ಅಧ್ಯಕ್ಷೆ ಉಚ್ಚಂಗೆಮ್ಮನವರು ಟೇಲರ್ ಪಕ್ಕೀರಪ್ಪನವರನ್ನು ಕರೆಸಿದರು.

"ನಾನ್ಯಾಕ ಯಕ್ಕಾ? ನನಗ ಬರೋದು ಕತ್ರಿ ಒಂದ."

"ಕತ್ರಿ ಅಂಗಡ್ಯಾಗಿಟ್ಟು ಕೋಟು ಹಾಕ್ಕೊಂಡು ಬಾ. ಮಾತಾಡಬ್ಯಾಡ, ಸುಮ್ನ ನಿಂದ್ರು. ಕನ್ಯಾ ನೋಡಾಕ ಬಂದೋರ ಮುಂದ ಯಾರರ ಹರಕ ಚಾಪಿ ಹಾಸ್ತಾರೇನ್ಲೇ?"

"ಮತ್ತ ಗಾಳೆವ್ವ ಅದಾಳಲ್ಲ?"

"ಆಕಿ ದನಿ ಆಕಿಗೇ ಕೇಳ್ಸಂಗಿಲ್ಲ. ಆಕಿ ಚಾ ಕೊಡ್ತಾಳ ಬಿಡು."

ಆದ್ದರಿಂದ ಪಕ್ಕೀರಪ್ಪನವರು ಯಾರೋ ಮದುಮಗನಿಗೆಂದು ಹೊಲಿಯುತ್ತಿದ್ದ ಕೋಟನ್ನು ಧರಿಸಿ ನಿಂತರು. ಬಲತೋಳು ಇನ್ನೂ ಗುಂಡುಪಿನ್ನಿನ ಆಧಾರದಲ್ಲಿದ್ದ ಕಾರಣ ಅವರು ಆ ಕೈಯನ್ನು ಅಲುಗಿಸಲಿಲ್ಲ. ತಾವು ಅದನ್ನು ಗಾಂಭೀರ್ಯವೆಂದು ಭಾವಿಸಿದಿರಿ. "ಎಷ್ಟು ವರ್ಷದ ಅನುಭವ?" ಎಂದು ಕೇಳಿದಿರಿ. "ಇಪ್ಪತ್ತೆರಡು ವರ್ಷ ಆತ್ರಿ" ಎಂದರು. ಅವರು ಸುಳ್ಳು ಹೇಳಲಿಲ್ಲ ಎಂಬುದನ್ನು ದಾಖಲಿಸಬೇಕಾಗಿ ವಿನಂತಿ. ಹೊಲಿಗೆ ಯಂತ್ರ ತುಳಿಯಲು ಶುರು ಮಾಡಿ ಅವರಿಗೆ ಅಷ್ಟೇ ವರ್ಷವಾಗಿದೆ. ಸದರಿ ದಿನ ತಮಗೆ ಚಹಾ ತಂದುಕೊಟ್ಟ, ತಾವು ಮುಖ ನೋಡದೇ ಇದ್ದ ಹುಡುಗಿಯೇ ಅರ್ಜಿದಾರಳು.

4. ಇದೇ ಗಡಿಯಾರ ಅರ್ಜಿದಾರಳಿಗೆ ಅಪರಿಚಿತವಲ್ಲ. ಹಿಂದಿನ ವರ್ಷ ಕೊಟ್ಟೂರಿನ ಕಡೆಯವರು ಆಕೆಯನ್ನು ನೋಡಲು ಬಂದಾಗ ಅದು ಆಕೆಯ ಮನೆಯಲ್ಲಿ ತೂಗುತ್ತಿತ್ತು. ಅಂಗಳದಲ್ಲಿ ನೆರೆಮನೆಯ ದೊಡ್ಡಬೀರಪ್ಪನವರ ಎರಡು ಎಮ್ಮೆಗಳನ್ನೂ ಕಟ್ಟಲಾಗಿತ್ತು. ಬೀಗರು ಎಮ್ಮೆಗಳನ್ನು ಬಹಳ ಮೆಚ್ಚಿದರು. ವಾರ ಬಿಟ್ಟು ಹೇಳದೆ ಕೇಳದೆ ಇನ್ನೊಮ್ಮೆ ಬಂದಾಗ ಅಂಗಳದಲ್ಲಿ ಎರಡು ಗೂಟಗಳು ಮಾತ್ರ ಇದ್ದವು. ಸಂಬಂಧ ಆ ಗೂಟಗಳ ಹತ್ತಿರವೇ ಮುಗಿಯಿತು. ಎರಡೂ ಸಲ ಅರ್ಜಿದಾರಳು ತಲೆ ತಗ್ಗಿಸಿ ಕೂತಿದ್ದಳು. ಅಂದಿನ ದಿನಚರಿ ಇಷ್ಟೇ: "ಎಮ್ಮೆ ನಮ್ಮವಲ್ಲ ಎಂದು ನಾನೇ ಹೇಳಿಬಿಡಬಹುದಿತ್ತು." ಇದು ಶಾಲೆಗೆ ಸಂಬಂಧಿಸಿದ ವಿಷಯವಲ್ಲವೆಂದು ತಮಗೆ ಅನ್ನಿಸಿದಲ್ಲಿ ಈ ಅಂಶವನ್ನು ಹೊಡೆದುಹಾಕಬಹುದು.

5. ಆಗಸ್ಟ್ ಕೊನೆಯ ವಾರ ತಮ್ಮ ಷರಾ ಬಂತು. ಯುವಕ ಸಂಘದ ಕಾರ್ಯದರ್ಶಿ ಉಚ್ಚಂಗೆಪ್ಪನವರು ಟೇಲರ್ ಅಂಗಡಿಯ ಕಟ್ಟೆಯ ಮೇಲೆ ನಿಂತು ಮೊದಲನೇ ಸಾಲು ಓದಿದರು: "ಊರವರ ಸಹಕಾರ ಅತ್ಯಂತ ಶ್ಲಾಘನೀಯ." ಕೂಡಲೇ ಪಟಾಕಿ ಹಚ್ಚಲಾಯಿತು. ಆ ಸದ್ದಿನ ಕಾರಣ ಎರಡನೇ ಸಾಲನ್ನು ಯಾರೂ ಓದಲಿಲ್ಲ. ಅರ್ಜಿದಾರಳು ಮನೆಗೆ ಒಯ್ದು ಓದಿದಳು: "ಅನುಭವಿ ಶಿಕ್ಷಕರೂ ಸಕಲ ಸೌಕರ್ಯವೂ ಇರುವುದರಿಂದ ಖಾಲಿ ಹುದ್ದೆ ತುಂಬುವ ಅಗತ್ಯವಿಲ್ಲ, ಸದರಿ ಹುದ್ದೆಯನ್ನು ಕೊರತೆಯಿರುವ ಬೇರೆ ಶಾಲೆಗೆ ಕೊಡಬಹುದು."

ಅಂದರೆ ಊರು ಕೈಜೋಡಿಸಿದ್ದಕ್ಕೆ ಊರಿಗೆ ಶಾಬಾಸ್‌ಗಿರಿ. ಹುದ್ದೆ ಕೈಕಟ್ಟಿ ಕೂತ ಊರಿಗೆ. ಈ ನ್ಯಾಯದಲ್ಲಿ ತಪ್ಪು ಹುಡುಕುವಷ್ಟು ಅರ್ಜಿದಾರಳು ಓದಿಲ್ಲ. ಮಹಿಳಾ ಮಂಡಳದ ಉಚ್ಚಂಗೆಮ್ಮನವರಿಗೆ ತೋರಿಸಿದಾಗ ಅವರು ಕಾಗದವನ್ನು ವಾಪಸು ಕೈಗಿಟ್ಟು, "ಈಗ ಹೇಳಿದ್ರ ಊರ ಮಾನ ಹೋಕ್ಕತಿ, ತಂಗಿ. ಸುಮ್ನಿರು" ಎಂದರು.

6. ತಾವು ಊರನ್ನು ಸನ್ಮಾನಿಸಲು ಮತ್ತೆ ದಯಮಾಡಿಸಿದ್ದು ಸೆಪ್ಟೆಂಬರ್ ಐದರಂದು. ಮೇಷ್ಟ್ರಿಲ್ಲದ ಊರಿನಲ್ಲಿ ಶಿಕ್ಷಕರ ದಿನಾಚರಣೆ ನಡೆದದ್ದು ಈ ತಾಲೂಕಿನಲ್ಲಿ ಇದೇ ಮೊದಲಿರಬೇಕು. ಗಡಿಯಾರ ಮತ್ತೆ ಬಂದಿತ್ತು. ಮದುವೆ ಮುಂದಕ್ಕೆ ಹೋದ ಕಾರಣ ಕೋಟೂ ಬಂದಿತ್ತು. ಪಕ್ಕೀರಪ್ಪನವರು ಅದರೊಳಗೆ ಕೊನೆಯ ಸಾಲಿನಲ್ಲಿ ಅಡಗಿ ಕೂತಿದ್ದರು. ವಂದನಾರ್ಪಣೆ ಅರ್ಜಿದಾರಳ ಪಾಲಿಗೆ ಬಂತು. ಉಚ್ಚಂಗೆಪ್ಪನವರು ಬರೆದುಕೊಟ್ಟ ಎರಡು ಪುಟದಲ್ಲಿ ತಮ್ಮ ಹೆಸರು ಒಂಬತ್ತು ಸಲ ಇತ್ತು.

ಅರ್ಜಿದಾರಳು ಎದ್ದಳು. ಕಾಗದ ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡು, ಅದರಲ್ಲಿ ಇಲ್ಲದ ಒಂದು ಮಾತು ಹೇಳಿ ಕೂತಳು. ಉಚ್ಚಂಗೆಪ್ಪನವರು "ಮೈಕು ಕೆಟ್ಟೈತ್ರಿ, ಮೈಕು ಕೆಟ್ಟೈತಿ" ಎಂದು ಓಡಾಡಿದರು. ಮೈಕು ಇರಲಿಲ್ಲ. ಕೊನೆಯ ಸಾಲಿನಲ್ಲಿ ಪಕ್ಕೀರಪ್ಪನವರು ಎದ್ದು ನಿಂತು ಕೋಟು ಬಿಚ್ಚಿದರು. ಪಿನ್ನು ಹಾಕಿದ್ದ ತೋಳು ಒಂದು ಕಡೆ ಬಿತ್ತು. ಮಾತು ಮೂರನೇ ಸಾಲು ದಾಟಿತ್ತು ಎಂಬುದಕ್ಕೆ ಇದೇ ಪುರಾವೆ. ತಾವು ತೆಂಗಿನಕಾಯಿ ಸ್ವೀಕರಿಸಿ, ಉಲ್ಲೇಖ 3ರ ಅಪ್ಪಣೆ ಕೊಟ್ಟು ಜೀಪು ಹತ್ತಿದಿರಿ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯಮಾಡಿ,

ಅ) ಸದರಿ ಹುದ್ದೆಯನ್ನು ಬನ್ನಿಗುಂಟಿಯಲ್ಲೇ ಉಳಿಸಿ, ಅದರಲ್ಲಿ ಜೀವವಿರುವ ಒಬ್ಬರನ್ನು ಕೂಡಿಸಬೇಕು; ಸಂಘಗಳು ನೆಲ ಸಾರಿಸುವುದನ್ನು ಬಿಡುವುದಿಲ್ಲ;

ಆ) ಮುಂದಿನ ತನಿಖೆಗೆ ಹೇಳದೆ ಕೇಳದೆ, ಕೊಟ್ಟೂರಿನ ಬೀಗರ ಹಾಗೆ ಬರಬೇಕು. ಮುಂಚೆ ತಿಳಿಸಿದಲ್ಲಿ ಊರು ಎಮ್ಮೆಗಳನ್ನೂ ಕಟ್ಟೀತು.

ಎಂದು ಕೋರುವ,
ತಮಗೆ ಚಹಾ ಕೊಟ್ಟ ವಿಶ್ವಾಸಿ,
ಗಾಳೆಮ್ಮ
ಬನ್ನಿಗುಂಟಿ, ದಿ. 8-9-1984

ಲಗತ್ತುಗಳು:
1) ಓದದೇ ಉಳಿದ ವಂದನಾರ್ಪಣೆ, ಎರಡು ಪುಟ. ಹುದ್ದೆ ತುಂಬಿದ ದಿನ ಓದಲಾಗುವುದು. ಅಲ್ಲಿಯವರೆಗೆ ತಮ್ಮ ಕಡತದಲ್ಲಿರಲಿ.
2) ಮಕ್ಕಳ ಹಾಜರಿ ಪಟ್ಟಿ, ಅರವತ್ತೆರಡು ಹೆಸರು. ಎಲ್ಲವೂ ಸ್ವಂತದವು, ಎರವಲಲ್ಲ.
3) ದಿ. 5-9-1984ರಂದು ಅರ್ಜಿದಾರಳು ಎದ್ದು ನಿಂತು, ಕೊನೆಯ ಸಾಲಿಗೂ ಕೇಳಿಸುವಂತೆ ಆಡಿದ ಮಾತು, ಅಪ್ಪಣೆಯ ಪ್ರಕಾರ ಯಥಾವತ್ತಾಗಿ:

"ಸಾಹೇಬ್ರ, ನಮ್ಮ ಸಾಲ್ಯಾಗ ಮೇಷ್ಟ್ರಿಲ್ರಿ."